8080 ಎಮ್ಯುಲೇಟರ್‌ನಲ್ಲಿ ಕಳೆಯೋ ಲೆಕ್ಕ ಕೈ ಕೊಟ್ಟಿದ್ದು

ಇಂಟೆಲ್ 8080 (1974ರ ಪ್ರೊಸೆಸರ್ ಚಿಪ್ಪು) ಎಮ್ಯುಲೇಟರ್, ಅಂದ್ರೆ ಆ ಚಿಪ್ಪಿನ ಹಾಗೇ ನಡ್ಕೊಳ್ಳೋ ಪ್ರೋಗ್ರಾಂ ಬರೀತಿದ್ದೆ, ಸಣ್ಣ ಟೆಸ್ಟ್ ಎಲ್ಲಾ ಪಾಸ್, ಆದ್ರೆ ಸಿಆರ್‌ಸಿ (ಎಲ್ಲಾ ಉತ್ತರಗಳಿಂದ ಲೆಕ್ಕ ಹಾಕಿದ ಒಂದು ಚೆಕ್ ನಂಬರ್) ಹೋಲಿಸೋ ದೊಡ್ಡ ಟೆಸ್ಟ್ ಪ್ರೋಗ್ರಾಂ ಎಕ್ಸರ್ಸೈಜರ್ ಓಡಿಸಿದ್ರೆ ಎಎಲ್‌ಯು (ಕೂಡೋ, ಕಳೆಯೋ, ಲಾಜಿಕ್ ಸೂಚನೆಗಳ) ಗುಂಪಲ್ಲೇ ಎರರ್. ತಪ್ಪಿದೆ ಅಂತ ಹೇಳತ್ತೆ, ಎಲ್ಲಿ ಅಂತ ಬಾಯೇ ಬಿಡಲ್ಲ! ಎರಡು ರಾತ್ರಿ ಡಿಎಎ (ಕೂಡಿದ ಉತ್ತರನ ದಶಮಾನ ಅಂಕಿಗೆ ಹೊಂದಿಸೋ ಸೂಚನೆ) ಮೇಲೇ ಅನುಮಾನ ಪಟ್ಟು ಮೂರು ಸಲ ತಿದ್ದಿದೆ, ಪಾಪ ಅದರದ್ದೇನೂ ತಪ್ಪಿರ್ಲಿಲ್ಲ.

ಕೊನೆಗೆ ಪೇಪರ್ ತಗೊಂಡು 5ರಿಂದ 3 ಕಳೆದೆ. ಸಾಲ ತಗೊಂಡಿಲ್ವಲ್ಲ, ಆಕ್ಸಿಲಿಯರಿ ಕ್ಯಾರಿ (ಕೆಳಗಿನ ನಾಲ್ಕು ಬಿಟ್‌ನಿಂದ ಕ್ಯಾರಿ ಬಂತಾ ಅಂತ ಹೇಳೋ ಫ್ಲ್ಯಾಗ್) 0 ಅಂತ ನಾನು ಇಟ್ಟಿದ್ದೆ. ಆದ್ರೆ 8080 ನಿಜವಾಗ್ಲೂ ಕಳೆಯಲ್ಲ ಕಣ್ರೀ, 3ರ ಬಿಟ್‌ಗಳನ್ನ ಉಲ್ಟಾ ಮಾಡಿ 1 ಸೇರಿಸಿ ಕೂಡತ್ತೆ, ಕೆಳಗಿನ ನಾಲ್ಕು ಬಿಟ್‌ನಲ್ಲಿ 5+12+1 ಅಂದ್ರೆ 18, 15 ದಾಟ್ತು, ಹಾಗಾಗಿ ಫ್ಲ್ಯಾಗ್ 1. ಮಜಾ ಏನಂದ್ರೆ ಇಡೀ ಬೈಟ್‌ನ ಮಾಮೂಲಿ ಕ್ಯಾರಿ ಫ್ಲ್ಯಾಗ್‌ನ ಮಾತ್ರ ಕೊನೇಲಿ ತಿರುಗಿಸತ್ತೆ, ಇದನ್ನ ಹಾಗೇ ಬಿಡತ್ತೆ.

ಕಳೆಯೋ ಫಂಕ್ಷನ್ ಅಳಿಸಿ ಎಲ್ಲಾನೂ ಕೂಡೋ ಫಂಕ್ಷನ್‌ಗೇ ಕಳಿಸಿದೆ, ಸಿಎಂಪಿಗೂ (ಹೋಲಿಸೋ ಸೂಚನೆ) ಅದೇ. ಆದ್ರೂ ಗುಂಪು ಫೇಲ್. ಈ ಸಲ ಎಎನ್‌ಎ (ಬಿಟ್‌ಗಳನ್ನ ಆಂಡ್ ಮಾಡೋ ಸೂಚನೆ): 8080ನಲ್ಲಿ ಎರಡೂ ಬೈಟ್‌ನ 3ನೇ ಬಿಟ್‌ಗಳನ್ನ (0ಯಿಂದ ಎಣಿಸಿ) ಆರ್ ಮಾಡಿದ್ರೆ ಬರೋದೇ ಈ ಆಕ್ಸಿಲಿಯರಿ ಕ್ಯಾರಿ ಫ್ಲ್ಯಾಗ್, ಅದರ ನಂತರದ ಚಿಪ್ಪು 8085ರಲ್ಲಿ ಯಾವಾಗ್ಲೂ 1. ಕಾಲೇಜಲ್ಲಿ ಕಲಿತಿದ್ದು 8085 ತಾನೇ, ಕೈ ಅದನ್ನೇ ಬರೆದಿತ್ತು. ಆ ಒಂದು ಸಾಲು ಬದಲಾಯಿಸಿದ್ಮೇಲೆ ಸಿಆರ್‌ಸಿ ಸರಿಯಾಗಿ ಕೂತ್ಕೊಳ್ತು.