ಹಳೇ ಜಿಸಿ2000 ಮೇಲೆ 60 ಫ್ರೇಮ್: ನನ್ನ ಅನುಭವ

ಎಲ್ಲರೂ ಆಗಲ್ಲ ಅಂದಿದ್ದ ಕೆಲಸ ಇದು. ಐ.ಎಂಎಕ್ಸ್6 ಕ್ವಾಡ್ ಬೋರ್ಡು, ಅದರಲ್ಲಿ ವಿವಾಂಟೆ ಜಿಸಿ2000 ಜಿಪಿಯು, ಅಂದರೆ ಚಿತ್ರ ಬಿಡಿಸುವ ಭಾಗ. 1280 x 800ರ ಹತ್ತು ಇಂಚಿನ ಟಚ್ ಪ್ಯಾನೆಲ್, ಅದರ ಒಂದು ಮೂಲೆಯಲ್ಲಿ ಕ್ಯಾಮರಾದ ಲೈವ್ ಚಿತ್ರ. ಪುಣೆಯ ಭೋಸರಿ ಕೈಗಾರಿಕಾ ಪ್ರದೇಶದ (ಎಂಐಡಿಸಿ) ಒಂದು ಶೆಡ್‌ನಲ್ಲಿ ತಯಾರಾಗಿ ಪ್ಯಾಕಿಂಗ್ ಮೆಷಿನ್‌ಗಳ ಮೇಲೆ ಕೂರುವ ಮಾಲು. ನಾನು ಕೈ ಹಾಕುವ ಮೊದಲು ಸೆಕೆಂಡಿಗೆ ಹದಿನೈದೋ ಇಪ್ಪತ್ತೋ ಫ್ರೇಮ್ ಬರುತ್ತಿತ್ತು. ಈಗ 60 ಬರುತ್ತದೆ, ಸಿಪಿಯು ಆರಾಮಾಗಿ ಕೂತಿರುತ್ತದೆ. ಬೋರ್ಡು ಅದೇ, ಜಿಪಿಯು ಅದೇ.

ಬೋರ್ಡಿನ ಜೊತೆ ಬಂದಿದ್ದು ಲಿನಕ್ಸ್‌ನ 3.14ರ ಕರ್ನಲ್ಲು ಮತ್ತು ಜಿಪಿಯುಗೆ ಒಂದು ಮುಚ್ಚಿದ ಲೈಬ್ರರಿ (ಕೋಡ್ ತೋರಿಸದ ಬ್ಲಾಬ್). ಯಾಕೆ ನಿಧಾನ ಅಂತ ಕೇಳಿದರೆ ಬೋರ್ಡು ಮಾರಿದವರ ಹತ್ತಿರ ಒಂದೇ ಉತ್ತರ: ಹೊಸ ಬೋರ್ಡು ತಗೊಳ್ಳಿ. ನಮ್ಮ ಸೇಠ್ ಕೂಡ ಅದಕ್ಕೇ ಒಲಿದಿದ್ದರು. ಲೆಕ್ಕ ಹಾಕಿ ತೋರಿಸಿದೆ. ಸುಮಾರು 200 ಬೋರ್ಡು ಆಗಲೇ ಗೋಡೌನ್‌ನಲ್ಲಿ ಬಿದ್ದಿವೆ, ಒಂದಕ್ಕೆ ಆರೂವರೆ ಸಾವಿರ ಕೊಟ್ಟಿದ್ದು. ಹೊಸದಕ್ಕೆ ಹೋದರೆ ಒಂದೊಂದಕ್ಕೆ ಇನ್ನೂ ನಾಲ್ಕು ಸಾವಿರ ಜಾಸ್ತಿ. ಅಲ್ಲಿಗೇ ಎಂಟು ಲಕ್ಷ ಆಯಿತು. ಶೀಟ್ ಮೆಟಲ್ ಬದಲಿಸೋದು, ಕೇಬಲ್ ಬದಲಿಸೋದು ಬೇರೆ. ನಾನು ಕೇಳಿದ್ದು ಎರಡೂವರೆ ಲಕ್ಷ. ಅರ್ಧ ಮೊದಲೇ, ಉಳಿದದ್ದು ಓಡಿದ ಮೇಲೆ. ಸೇಠ್ ನಕ್ಕು ಒಪ್ಪಿದರು. ನಗುವಿನಲ್ಲಿ ನಂಬಿಕೆ ಏನೂ ಕಾಣಲಿಲ್ಲ.

ಹಿಂಜವಡಿಯಲ್ಲಿ ದೊಡ್ಡ ಡೆಸ್ಕ್‌ಟಾಪ್ ಜಿಪಿಯು ಮೇಲೆ ಕೆಲಸ ಮಾಡುವ ನಮ್ಮ ಬೀದರ್ ಗೆಳೆಯನೂ ಮೂಗು ಮುರಿದ. ನಾನು ಹಾಕಲು ಹೊರಟಿದ್ದು ಎಟ್ನಾವಿವ್, ವಿವಾಂಟೆ ಜಿಪಿಯುಗಳಿಗೆ ಇರುವ ಮುಕ್ತ ಡ್ರೈವರ್. "ಎಟ್ನಾವಿವ್ ಹವ್ಯಾಸಕ್ಕೆ ಸರಿ, ಫ್ಯಾಕ್ಟರಿಗೆ ಬ್ಯಾಡೋ ಮಾರಾಯಾ" ಅಂದ. ಎಟ್ನಾವಿವ್ 2016ರಲ್ಲಿ 4.5ರ ಕರ್ನಲ್‌ನಲ್ಲೇ ಸೇರಿಕೊಂಡಿದೆ, ಲೂಕಸ್ ಸ್ಟಾಖ್ ಥರದವರು ವರ್ಷಗಟ್ಟಲೆ ನೋಡಿಕೊಂಡು ಬಂದಿದ್ದಾರೆ ಅಂದೆ. ಅವನಿಗೆ ಅದು ತಲೆಗೆ ಹೋಗಲಿಲ್ಲ. ಅವನ ಪ್ರಪಂಚವೇ ಬೇರೆ ಬಿಡಿ. ಅಲ್ಲಿ ವಿರ‍್ಯಾಮ್ (ಜಿಪಿಯುವಿನ ಸ್ವಂತ ಮೆಮೊರಿ) ಬೇರೆ, ಸಿಸ್ಟಮ್ ರ‍್ಯಾಮ್ ಬೇರೆ. ಕರ್ನಲ್‌ನ ಟಿಟಿಎಂ ಅನ್ನೋ ಭಾಗ ಬಫರ್‌ಗಳನ್ನು (ಚಿತ್ರದ ಡೇಟಾ ಇಡುವ ಮೆಮೊರಿ ತುಂಡು) ಆ ಕಡೆ ಈ ಕಡೆ ಸಾಗಿಸುತ್ತಿರುತ್ತದೆ. ನಮ್ಮಲ್ಲಿ ಎಲ್ಲಕ್ಕೂ ಸೇರಿ ಇರೋದೇ ಒಂದು ಡಿಡಿಆರ್ ಮೆಮೊರಿ. ಸಾಗಿಸೋಕೆ ಜಾಗವೇ ಇಲ್ಲ. ನಮ್ಮ ಕಷ್ಟಗಳೆಲ್ಲ ಬೇರೆ ಕಡೆ ಇರುತ್ತವೆ.

ಮೊದಲು ಹೊಸ ಮೇನ್‌ಲೈನ್ ಕರ್ನಲ್ (ಲಿನಕ್ಸ್‌ನ ಮೂಲ ಆವೃತ್ತಿ) ಮತ್ತು ಮೆಸಾ (ಮುಕ್ತ ಗ್ರಾಫಿಕ್ಸ್ ಲೈಬ್ರರಿ) ಹಾಕಿದೆ. ಸ್ಕ್ರೀನ್ ಬಂತು. ವೇಗ ಬರಲಿಲ್ಲ. 20 ಇದ್ದದ್ದು 24 ಆಯಿತು ಅಷ್ಟೇ. ಸೇಠ್ ಬಂದು ನೋಡಿ ಮಾತಾಡದೆ ಹೋದರು. ಆ ವಾರ ನನ್ನ ಚಹಾಕ್ಕೂ ಯಾರೂ ದುಡ್ಡು ಕೊಡಲಿಲ್ಲ.

ಆಮೇಲೆ ಟ್ರೇಸ್-ಸಿಎಂಡಿ ಹಚ್ಚಿದೆ, ಕರ್ನಲ್ ಒಳಗೆ ಏನು ನಡೆಯುತ್ತದೆ ಅಂತ ದಾಖಲಿಸುವ ಟೂಲ್. ಜಿಪಿಯು ಶೆಡ್ಯೂಲರ್‌ನ ಇವೆಂಟ್‌ಗಳನ್ನು ಮಾತ್ರ ಹಿಡಿದೆ. ಒಂದು ಫ್ರೇಮ್‌ಗೆ ನಲವತ್ತರ ಹತ್ತಿರ ಸಬ್‌ಮಿಟ್ (ಜಿಪಿಯುಗೆ ಕೆಲಸ ಕಳಿಸೋದು)! ಯುಐ ಬರೆದ ಹುಡುಗರು ಬಟನ್ ಒಂದಕ್ಕೆ ಒಂದು ಫ್ಲಶ್ ಹಾಕಿದ್ದರು, ಅಂದರೆ ಸೇರಿದ ಕೆಲಸವನ್ನು ಆಗಲೇ ಕಳಿಸಿಬಿಡೋದು. ಹಳೇ ಬ್ಲಾಬ್ ಮೇಲೆ ಅದಿಲ್ಲದೆ ಚಿತ್ರ ಸರಿ ಬರುತ್ತಿರಲಿಲ್ಲವಂತೆ. ಇಲ್ಲಿ ಅದು ಶುದ್ಧ ಖರ್ಚು. ಪ್ರತಿ ಸಬ್‌ಮಿಟ್‌ಗೂ ಕರ್ನಲ್ ಬಫರ್‌ಗಳ ಹ್ಯಾಂಡಲ್ (ಗುರುತಿನ ಸಂಖ್ಯೆ) ಹುಡುಕಬೇಕು, ಪ್ರತಿ ಬಫರ್‌ಗೂ ಲಾಕ್ ಹಿಡಿಯಬೇಕು, ಯೂಸರ್ ಕೊಟ್ಟ ಕಮಾಂಡ್‌ಗಳನ್ನು ಓದಿ ತಪಾಸಣೆ ಮಾಡಬೇಕು. ಜಿಸಿ2000ರಲ್ಲಿ ಇರೋದು ಮೊದಲ ತಲೆಮಾರಿನ ಎಂಎಂಯು (ಮೆಮೊರಿ ವಿಳಾಸ ಬದಲಿಸಿಕೊಡುವ ಭಾಗ), ಸಾಫ್ಟ್‌ಪಿನ್ (ಬಫರಿಗೆ ಖಾಯಂ ವಿಳಾಸ) ಇಲ್ಲ. ಹಾಗಾಗಿ ರಿಲಾಕ್‌ಗಳನ್ನೂ (ಕಮಾಂಡ್‌ಗಳೊಳಗಿನ ಬಫರ್ ವಿಳಾಸಗಳು) ಪ್ರತಿ ಸಲ ತುಂಬಬೇಕು. ಇತ್ತ ಮೆಸಾ ಕೂಡ ಪ್ರತಿ ಫ್ಲಶ್ ಆದ ಮೇಲೆ ಇಡೀ ಸ್ಟೇಟ್ (ಜಿಪಿಯು ಸೆಟ್ಟಿಂಗ್‌ಗಳು) ಮತ್ತೆ ಬರೆಯುತ್ತದೆ. ಒಂದು ಬಟನ್ ಬಿಡಿಸೋಕೆ ಇಷ್ಟೆಲ್ಲ ಬೇಕಾ?

ಫ್ಲಶ್ ಎಲ್ಲ ಕಿತ್ತುಹಾಕಿದೆ. ಬಟನ್‌ಗಳ ಚಿತ್ರಗಳನ್ನೆಲ್ಲ ಒಂದೇ ದೊಡ್ಡ ಚಿತ್ರಕ್ಕೆ (ಅಟ್ಲಾಸ್) ಸೇರಿಸಿದೆ. ಸಬ್‌ಮಿಟ್ ಎರಡು ಮೂರಕ್ಕೆ ಇಳಿಯಿತು. ಫ್ರೇಮ್ 35ರ ಆಸುಪಾಸಿಗೆ ಏರಿತು.

ಸಬ್‌ಮಿಟ್ ಆದ ಮೇಲೆ ಹಾರ್ಡ್‌ವೇರ್ ಕಡೆ ನಡೆಯೋದು ನನಗೆ ಬಹಳ ಇಷ್ಟದ ಭಾಗ. ಕರ್ನಲ್ ಹತ್ತಿರ ಕಮಾಂಡ್ ಇಡೋಕೆ ಒಂದೇ ಪೇಜಿನ ರಿಂಗ್ ಇದೆ, 4 ಕೆಬಿ. ಕೆಲಸ ಇಲ್ಲದಾಗ ಫ್ರಂಟ್ ಎಂಡ್ (ಜಿಪಿಯುನಲ್ಲಿ ಕಮಾಂಡ್ ಓದುವ ಭಾಗ) ಅಲ್ಲೇ ವೇಟ್, ಲಿಂಕ್, ವೇಟ್, ಲಿಂಕ್ ಅಂತ ಗಾಣದ ಎತ್ತಿನ ಹಾಗೆ ಸುತ್ತುತ್ತಿರುತ್ತದೆ. ಹೊಸ ಕೆಲಸ ಬಂದಾಗ ಡ್ರೈವರ್ ಆ ವೇಟ್ ಅನ್ನೇ ಲಿಂಕ್ ಆಗಿ ತಿದ್ದುತ್ತದೆ. ಮೊದಲು ವಿಳಾಸ ಬರೆಯುತ್ತದೆ, ಆಮೇಲೆ ಬ್ಯಾರಿಯರ್ (ಬರಹದ ಕ್ರಮ ಕಾಯುವ ತಡೆ), ಆಮೇಲೆ ಕಮಾಂಡ್. ಓಡುತ್ತಿರುವ ಹಾರ್ಡ್‌ವೇರ್‌ನ ಕಾಲ ಕೆಳಗಿನ ದಾರಿಯನ್ನು ಬದಲಿಸೋದು ಅಂದರೆ ಇದು. ಕ್ರಮ ಹಿಂದುಮುಂದಾದರೆ ಅರ್ಧ ತಿದ್ದಿದ ಲಿಂಕ್ ಹಿಡಿದು ಜಿಪಿಯು ಎಲ್ಲಿಗೋ ಹೋಗಿಬಿಡುತ್ತದೆ. ಈ ಕೋಡ್ ಮುಟ್ಟುವ ಅಗತ್ಯ ನನಗೆ ಬರಲಿಲ್ಲ. ಸುಮ್ನೆ ಡಿಬಗ್‌ಎಫ್‌ಎಸ್‌ನಲ್ಲಿ (ಕರ್ನಲ್ ತನ್ನ ಒಳಗನ್ನು ತೋರಿಸುವ ಫೋಲ್ಡರ್) ರಿಂಗ್ ಫೈಲ್ ತೆಗೆದು ನೋಡುತ್ತ ಕೂತಿದ್ದ ರಾತ್ರಿಗಳಿವೆ.

35ರಿಂದ ಮೇಲೆ ಹೋಗೋಕೆ ಬಫರ್ ಕಡೆ ತಿರುಗಬೇಕಾಯಿತು. ನನ್ನ ವಿಧಾನ ಅಂತ ಏನಾದರೂ ಇದ್ದರೆ ಅದು ಇಲ್ಲೇ ಇದೆ. ಹೊಸ ಬಫರ್ ಅಂದರೆ ಎಂಎಂಯುನಲ್ಲಿ ಹೊಸ ಮ್ಯಾಪಿಂಗ್ (ವಿಳಾಸದ ನಮೂದು). ಹೊಸ ಮ್ಯಾಪಿಂಗ್ ಬಂತು ಅಂದರೆ ಮುಂದಿನ ಸಬ್‌ಮಿಟ್ ಎಂಎಂಯು ಫ್ಲಶ್ (ಅದು ನೆನಪಿಟ್ಟ ವಿಳಾಸಗಳನ್ನು ಅಳಿಸೋದು) ಹೊತ್ತುಕೊಂಡೇ ಹೋಗುತ್ತದೆ. ಜಿಸಿ2000ರ ಪೇಜ್ ಟೇಬಲ್ (ವಿಳಾಸಗಳ ಪಟ್ಟಿ) ಒಂದೇ ಚಪ್ಪಟೆ ಟೇಬಲ್, 2 ಎಂಬಿ, 2 ಜಿಬಿಗೆ ಸಾಲುವಷ್ಟು. ಫ್ಲಶ್ ಆದಮೇಲೆ ಮತ್ತೆ ಡಿಡಿಆರ್‌ನಿಂದಲೇ ಓದಿಕೊಳ್ಳಬೇಕು. ಹಳೇ ಬಫರ್ ಮತ್ತೆ ಬಳಸೋಕೆ ಮೆಸಾದಲ್ಲಿ ಬಫರ್ ಕ್ಯಾಶ್ ಇದೆಯಲ್ಲ ಅಂತೀರಿ. ಇದೆ. ಆದರೆ ಒಂದು ಸೆಕೆಂಡಿಗಿಂತ ಜಾಸ್ತಿ ಸುಮ್ಮನೆ ಕೂತ ಬಫರನ್ನು ಅದು ಬಿಟ್ಟುಬಿಡುತ್ತದೆ. ನಮ್ಮ ಪ್ಯಾನೆಲ್‌ನಲ್ಲಿ ಆಪರೇಟರ್ ನಾಲ್ಕೈದು ಸೆಕೆಂಡಿಗೊಮ್ಮೆ ಪುಟ ಬದಲಿಸುತ್ತಾನೆ. ಪ್ರತಿ ಸಲ ಹಳೇದು ಹೋಗಿ ಹೊಸದು ಹುಟ್ಟುತ್ತಿತ್ತು. ಪುಟ ಬದಲಿಸಿದ ತಕ್ಷಣ ಆಗುತ್ತಿದ್ದ ಜರ್ಕ್ ಅದೇ.

ನಾನು ಮಾಡಿದ್ದು ಇಷ್ಟೇ. ಬೂಟ್ ಆಗುವಾಗಲೇ ಬೇಕಾದ ಬಫರ್‌ಗಳನ್ನೆಲ್ಲ ಹುಟ್ಟಿಸಿ, ಒಂದು ಸಲ ಮ್ಯಾಪ್ ಮಾಡಿಸಿ, ಆಮೇಲೆ ಪ್ರಾಣ ಹೋದರೂ ಬಿಡಲ್ಲ. ಒಟ್ಟು 90 ಎಂಬಿ ಆಯಿತು ಅಂತ ನೆನಪು. 1 ಜಿಬಿ ಬೋರ್ಡಿಗೆ ಅದು ದೊಡ್ಡದಲ್ಲ. ಯಾವ ಸೈಜಿನದು ಎಷ್ಟಿರಬೇಕು ಅಂತ ನಿರ್ಧರಿಸೋಕೆ ಒಂದು ಸಣ್ಣ ಸ್ಕ್ರಿಪ್ಟ್ ಇದೆ, ಅದು ನನ್ನ ಹತ್ತಿರವೇ ಇರಲಿ. ಅದೇ ನನ್ನ ಅನ್ನ. ಕ್ಯಾಶ್‌ನ ಆ ಒಂದು ಸೆಕೆಂಡನ್ನು ಎಷ್ಟು ಮಾಡಿದೆ ಅನ್ನೋದನ್ನೂ ಹೇಳಲ್ಲ. ನಿಮ್ಮ ಪುಟಗಳಿಗೆ ತಕ್ಕ ಹಾಗೆ ನೀವೇ ಹುಡುಕಿಕೊಳ್ಳಿ.

ಸ್ಕ್ಯಾನ್‌ಔಟ್ ಬಫರ್‌ಗಳ (ಪರದೆಗೆ ನೇರ ಹೋಗುವವು) ಕಥೆ ಬೇರೆ. ಡಿಸ್‌ಪ್ಲೇ ಕಡೆಯ ಐಪಿಯುಗೆ ಎಂಎಂಯು ಇಲ್ಲ, ಒಟ್ಟಾಗಿ ಅಂಟಿಕೊಂಡಿರುವ ಮೆಮೊರಿಯೇ ಬೇಕು. ಅದು ಸಿಎಂಎಯಿಂದ, ಅಂದರೆ ಅಂಥ ಮೆಮೊರಿಗೆ ಕರ್ನಲ್ ಎತ್ತಿಟ್ಟ ಜಾಗದಿಂದ ಬರಬೇಕು. 1280 x 800, ಪಿಕ್ಸೆಲ್‌ಗೆ 4 ಬೈಟ್. ಸರಿಯಾಗಿ 1000 ಪೇಜ್. ಈ ಸಂಖ್ಯೆ ನನಗೆ ಸಾಯೋವರೆಗೂ ಮರೆಯಲ್ಲ, ಯಾಕಂದರೆ ಪ್ಯಾನೆಲ್ ಒಂದೆರಡು ದಿನ ಓಡಿದ ಮೇಲೆ ಲಾಗ್‌ನಲ್ಲಿ ಬರುತ್ತಿದ್ದದ್ದು ಅದೇ: ಸಿಎಂಎ ಅಲಾಕ್ ಫೇಲ್, 1000 ಪೇಜ್, ಮೈನಸ್ 16 (ಬ್ಯುಸಿ). ಮೈನಸ್ 12 (ಮೆಮೊರಿ ಇಲ್ಲ) ಅಲ್ಲ, ಗಮನಿಸಿ. ಜಾಗ ಇದೆ, ಆದರೆ ಒಳಗೆ ಕೂತ ಪೇಜ್‌ಗಳು ಎದ್ದು ಹೋಗುತ್ತಿಲ್ಲ. ಸಿಎಂಎ 256 ಎಂಬಿ ಮಾಡಿ ನೋಡಿದೆ, 320 ಮಾಡಿ ನೋಡಿದೆ. ಫೇಲ್ ಆಗುವ ದಿನ ಸ್ವಲ್ಪ ಮುಂದಕ್ಕೆ ಹೋಯಿತು, ಅಷ್ಟೇ. ಕೊನೆಗೆ ಇಲ್ಲೂ ಅದೇ ಮದ್ದು. ಮೂರು ಡಂಬ್ ಬಫರ್ (ಡಿಸ್‌ಪ್ಲೇ ಡ್ರೈವರ್ ಕೊಡುವ ಸರಳ ಬಫರ್), ಬೂಟ್‌ನಲ್ಲೇ ತಗೊಂಡು, ಎಟ್ನಾವಿವ್‌ಗೆ ಡಿಎಂಎ-ಬಫ್ (ಡ್ರೈವರ್‌ಗಳು ಹಂಚಿಕೊಳ್ಳುವ ಬಫರ್) ಆಗಿ ಕೊಟ್ಟು, ಯುಐ ಸತ್ತು ಮತ್ತೆ ಎದ್ದರೂ ಬಿಡದ ಹಾಗೆ ಒಂದು ಸಣ್ಣ ಪ್ರೊಸೆಸ್ ಕೈಯಲ್ಲಿ ಅವುಗಳ ಎಫ್‌ಡಿ (ಬಫರ್ ಹಿಡಿಯುವ ನಂಬರು) ಇಟ್ಟೆ. ಆ ಸಾಲು ಆಮೇಲೆ ಲಾಗ್‌ನಲ್ಲಿ ಬಂದಿಲ್ಲ.

ಇನ್ನು ಕ್ಯಾಮರಾ. ಹಳೇ ಕೋಡ್ 720ಪಿ ಚಿತ್ರವನ್ನು ಸಿಪಿಯುನಲ್ಲಿ ಆರ್‌ಜಿಬಿ ಮಾಡಿ ಟೆಕ್ಸ್ಚರ್‌ಗೆ ತುರುಕುತ್ತಿತ್ತು. ವೈಯುವೈವಿಯಲ್ಲಿ (ಕ್ಯಾಮರಾ ಕೊಡುವ ಬಣ್ಣದ ರೂಪ) ಒಂದು ಫ್ರೇಮ್ 1.8 ಎಂಬಿ, 30 ಫ್ರೇಮ್‌ಗೆ 55 ಎಂಬಿ. ಆರ್‌ಜಿಬಿಎ ಆದರೆ ಅದರ ಎರಡರಷ್ಟು. ಮೇಲಿಂದ ಟೈಲಿಂಗ್ (ಚಿತ್ರವನ್ನು ಜಿಪಿಯುಗೆ ಬೇಕಾದ ಚೌಕಗಳಾಗಿ ಜೋಡಿಸೋದು) ಕೂಡ ಸಿಪಿಯು ತಲೆಗೆ. ಒಂದು ಕೋರ್ ಪೂರ್ತಿ ಅದಕ್ಕೇ ಹೋಗುತ್ತಿತ್ತು. ಲಿನಕ್ಸ್‌ನ ಕ್ಯಾಮರಾ ವ್ಯವಸ್ಥೆಯಾದ ವಿ4ಎಲ್2ನ ನಾಲ್ಕು ಬಫರ್‌ಗಳನ್ನು ಡಿಎಂಎ-ಬಫ್ ಆಗಿ ಇಂಪೋರ್ಟ್ ಮಾಡಿದೆ. ಒಂದೇ ಸಲ ಇಂಪೋರ್ಟ್ ಮಾಡಿ ನಾಲ್ಕೂ ಇಮೇಜ್ ಇಟ್ಟುಕೊಳ್ಳಬೇಕು. ಪ್ರತಿ ಫ್ರೇಮ್‌ಗೆ ಇಂಪೋರ್ಟ್ ಮಾಡುತ್ತ ಹೋದರೆ ಮತ್ತೆ ಅದೇ ಹೊಸ ಮ್ಯಾಪಿಂಗ್ ಗೋಳು.

ಕಾಪಿ ಹೋಯಿತು, ಆದರೆ ಚಿತ್ರ ಹರಿಯತೊಡಗಿತು. ಮೇಲಿನ ಅರ್ಧ ಈಗಿನದು, ಕೆಳಗಿನ ಅರ್ಧ ಹಿಂದಿನದು. ಡಬ್ಬಿಗಳು ವೇಗವಾಗಿ ಓಡುವ ಲೈನಿನಲ್ಲಿ ಇದು ಎದ್ದು ಕಾಣುತ್ತದೆ. ಡಿಎಂಎ-ಬಫ್ ಜೊತೆ ಫೆನ್ಸ್ (ಕೆಲಸ ಮುಗಿದಿದೆಯೋ ಇಲ್ಲವೋ ಹೇಳುವ ಗುರುತು) ಇದೆ, ಜಿಪಿಯುವೂ ಡಿಸ್‌ಪ್ಲೇಯೂ ಅದನ್ನು ಗೌರವಿಸುತ್ತವೆ. ವಿ4ಎಲ್2 ನೋಡುವುದೇ ಇಲ್ಲ. ನೀವು ಕ್ಯೂಬಫ್ (ಬಫರನ್ನು ಕ್ಯಾಮರಾಗೆ ವಾಪಸ್ ಕೊಡೋದು) ಮಾಡಿದ ತಕ್ಷಣ ಕ್ಯಾಮರಾ ಬರೆಯಲು ಶುರು, ಜಿಪಿಯು ಇನ್ನೂ ಓದುತ್ತಿದ್ದರೂ ಸರಿ. ಅದಕ್ಕೆ ಡಿಎಂಎ-ಬಫ್ ಎಫ್‌ಡಿ ಮೇಲೆ ಪೋಲ್ (ಕಾಯುವ ಕರೆ) ಹಾಕಿ. ಪೋಲಿನ್ ಹಾಕಿದರೆ ಬರೆಯುವವರಿಗೆ ಮಾತ್ರ ಕಾಯುತ್ತದೆ. ಪೋಲೌಟ್ ಹಾಕಿದರೆ ಓದುವವರು ಮುಗಿಸುವವರೆಗೂ ಕಾಯುತ್ತದೆ. ನಮಗೆ ಬೇಕಾದದ್ದು ಪೋಲೌಟ್. ಅದು ಬಂದ ಮೇಲೆ ಕ್ಯೂಬಫ್. ಚಿತ್ರ ಹರಿಯೋದು ನಿಂತಿತು.

ಇಷ್ಟಾದ ಮೇಲೆ ಜಿಪಿಯುನೇ ಯಾಕೆ ನಡುವೆ ಅನ್ನಿಸಿತು. ಐಪಿಯುನಲ್ಲಿ ಓವರ್‌ಲೇ ಪ್ಲೇನ್ (ಪರದೆಯ ಮೇಲೆ ಕೂರಿಸುವ ಇನ್ನೊಂದು ಪದರ) ಇದೆ, ಅದು ವೈಯುವಿ ನೇರವಾಗಿ ತಗೊಳ್ಳುತ್ತದೆ. ಕ್ಯಾಮರಾ ಬಫರ್‌ಗಳೂ ಸಿಎಂಎಯವೇ, ಅಂಟಿಕೊಂಡಿರುವವೇ. ನೇರವಾಗಿ ಪ್ಲೇನ್‌ಗೆ ಕೊಟ್ಟೆ. ಸ್ಕೇಲಿಂಗ್ ಮಾತ್ರ ಬರಲ್ಲ, ಕತ್ತರಿಸಿ ತೋರಿಸಬಹುದು. ಸೇಠ್ ಹತ್ತಿರ ಮಾತಾಡಿ, ಕ್ಯಾಮರಾ ಕಿಟಕಿಯನ್ನು 640 x 480ಕ್ಕೆ ನಿಲ್ಲಿಸಿ, 720ಪಿಯ ನಡುವಿನ ತುಂಡು ತೋರಿಸಿದೆ. ಆಪರೇಟರ್‌ಗಳಿಗೆ ಡಬ್ಬಿ ದೊಡ್ಡದಾಗಿ ಕಾಣುತ್ತದೆ ಅಂತ ಖುಷಿಯೇ ಆಯಿತು. ಮೇಲೆ ಅಲಾರ್ಮ್ ಪಾಪ್‌ಅಪ್ ಬಂದಾಗ ಪ್ಲೇನ್ ಆಫ್ ಮಾಡುತ್ತೇನೆ. ಈಗ ಜಿಪಿಯು ಪಾಲಿಗೆ ಕ್ಯಾಮರಾ ಅನ್ನೋದೇ ಇಲ್ಲ. 60 ಬಂದದ್ದು ಆ ದಿನ.

ದುಡ್ಡು ಬಂತಾ? ಇಲ್ಲ. ಫ್ಯಾಕ್ಟರಿಯಲ್ಲಿ ಇಟ್ಟ ಮೊದಲ ಹತ್ತು ಪ್ಯಾನೆಲ್‌ಗಳಲ್ಲಿ ಒಂದೆರಡು ಪ್ಯಾನೆಲ್, ವಾರಕ್ಕೆ ಕೆಲವು ಸಲ, ಅರ್ಧ ಸೆಕೆಂಡು ನಿಂತುಬಿಡುತ್ತಿದ್ದವು. ಲಾಗ್‌ನಲ್ಲಿ "ರಿಕವರ್ ಹಂಗ್ ಜಿಪಿಯು". ಎಟ್ನಾವಿವ್‌ನ ಟೈಮ್‌ಔಟ್ 500 ಮಿಲಿಸೆಕೆಂಡು, ಲೆಕ್ಕ ಸರಿಹೋಗುತ್ತದೆ. ಎಲ್ಲರೂ ಡ್ರೈವರ್ ಕಡೆ ಬೆರಳು ತೋರಿಸಿದರು. ಹ್ಯಾಂಗ್ ಆದಾಗ ಜಿಪಿಯು ಸ್ಥಿತಿ ಉಳಿಸುವ ಡೆವ್‌ಕೋರ್‌ಡಂಪ್ ಐದು ನಿಮಿಷ ಮಾತ್ರ ಇರುತ್ತದೆ, ಆಮೇಲೆ ಕರ್ನಲ್ಲೇ ಅಳಿಸುತ್ತದೆ. ಭೋಸರಿಯ ಟ್ರಾಫಿಕ್‌ನಲ್ಲಿ ಐದು ನಿಮಿಷಕ್ಕೆ ಒಂದು ಸಿಗ್ನಲ್ ದಾಟಿದರೆ ದೊಡ್ಡದು. ಯುಡೆವ್ (ಡಿವೈಸ್ ಘಟನೆ ನೋಡುವ ಸೇವೆ) ನಿಯಮ ಒಂದು ಬರೆದು, ಡಂಪ್ ಬಂದ ಕೂಡಲೇ ಕಾರ್ಡಿಗೆ ಕಾಪಿ ಆಗುವ ಹಾಗೆ ಮಾಡಿದೆ.

ನಾಲ್ಕೈದು ಡಂಪ್ ಸೇರಿದ ಮೇಲೆ ಪಕ್ಕಪಕ್ಕ ಇಟ್ಟು ನೋಡಿದೆ. ಫ್ರಂಟ್ ಎಂಡ್ ಪ್ರತಿ ಸಲವೂ ಬೇರೆ ಬೇರೆ ಜಾಗದಲ್ಲಿ ನಿಂತಿತ್ತು, ಕಮಾಂಡ್‌ಗಳೆಲ್ಲ ಸರಿಯಾಗಿದ್ದವು. ಕಮಾಂಡ್ ತಪ್ಪಿದ್ದರೆ ಅದೇ ಜಾಗಕ್ಕೆ ಬಂದು ಬೀಳಬೇಕು ಅಲ್ವಾ? ವೇಳೆ ನೋಡಿದೆ. ಎಲ್ಲವೂ ಕೆಲಸದ ಹೊತ್ತಿನವು, ಎಲ್ಲವೂ ಪಕ್ಕದ ವೆಲ್ಡಿಂಗ್ ಜಾಗಕ್ಕೆ ಹತ್ತಿರದ ಪ್ಯಾನೆಲ್‌ಗಳವು. ಸ್ಕೋಪ್ ಹಚ್ಚಿದರೆ 24 ವೋಲ್ಟ್ ಲೈನು ಕುಸಿಯುತ್ತಿತ್ತು, ಅದರ ಹಿಂದೆ ಬೋರ್ಡಿನ ಪವರ್ ಕೂಡ. ಇನ್‌ಪುಟ್‌ಗೆ ದೊಡ್ಡ ಕೆಪಾಸಿಟರ್ ಹಾಕಿ, ಡಿಸಿ ಕನ್ವರ್ಟರ್ ಬದಲಿಸಿದೆವು. ಪ್ಯಾನೆಲ್‌ಗೆ 140 ರೂಪಾಯಿ ಖರ್ಚು. ಹ್ಯಾಂಗ್ ಮಾಯ. ಡ್ರೈವರ್‌ನಲ್ಲಿ ಒಂದು ಸಾಲೂ ಮುಟ್ಟಿಲ್ಲ.

ನಡುವೆ ಒಂದೆರಡು ಆಟ ಆಡಿದೆ. ಏಪ್ರಿಲ್ ಮೇನಲ್ಲಿ ಆ ತಗಡಿನ ಶೆಡ್ ಹೇಗಿರುತ್ತದೆ ಅಂತ ಪುಣೆಯವರಿಗೆ ಗೊತ್ತು. ಎಟ್ನಾವಿವ್ ತನ್ನನ್ನು ಥರ್ಮಲ್ ಕೂಲಿಂಗ್ ಡಿವೈಸ್ (ಬಿಸಿ ಇಳಿಸೋಕೆ ವೇಗ ತಗ್ಗಿಸುವುದು) ಆಗಿಯೂ ನೋಂದಾಯಿಸುತ್ತದೆ, ಒಂದೊಂದು ಮೆಟ್ಟಿಲಿಗೂ ಜಿಪಿಯು ಕ್ಲಾಕ್ ಅರ್ಧವಾಗುತ್ತದೆ. ಕೈಯಿಂದಲೇ ಮೆಟ್ಟಿಲು 1 ಅಂತ ಬರೆದು ನೋಡಿದೆ. 60 ಹಾಗೇ ನಿಂತಿತು. 2 ಬರೆದೆ. ನಲವತ್ತೈದಕ್ಕೆ ಇಳಿಯಿತು. ಕಾಲು ಭಾಗದ ಕ್ಲಾಕ್‌ನಲ್ಲಿ ಹಳೇ ಸೆಟಪ್‌ನ ಎರಡರಷ್ಟು! ಇದರ ಫೋಟೋ ಬೀದರ್ ಗೆಳೆಯನಿಗೆ ಕಳಿಸಿದೆ. ಉತ್ತರ ಬರಲಿಲ್ಲ.

ಇನ್ನೊಂದು, ರಿಮೋಟ್ ಸರ್ವಿಸ್‌ಗೆ ಸ್ಕ್ರೀನ್‌ಶಾಟ್. ರೈಟ್-ಕಂಬೈನ್ ಮೆಮೊರಿಯಿಂದ (ಬರೆಯೋಕೆ ವೇಗ, ಓದೋಕೆ ನಿಧಾನ) ಸಿಪಿಯು ನೇರವಾಗಿ ಓದಲು ಹೋದರೆ ಯುಐ ಎದ್ದು ಕಾಣುವಷ್ಟು ನಿಲ್ಲುತ್ತಿತ್ತು. ಕ್ಯಾಶ್ಡ್ ಬಫರ್ ಒಂದನ್ನು ಇಟ್ಟು, ಅದಕ್ಕೆ ಜಿಪಿಯುನಿಂದಲೇ ಕಾಪಿ ಮಾಡಿಸಿ, ಸಿಪಿಯು-ಪ್ರೆಪ್ (ಜಿಪಿಯು ಮುಗಿಸುವವರೆಗೆ ಕಾಯುವ ಕರೆ) ಕರೆದು ಓದಿದರೆ ಯಾರಿಗೂ ಗೊತ್ತೇ ಆಗಲ್ಲ. ಸೇಠ್ ಇದನ್ನು ಕೇಳಿರಲಿಲ್ಲ. ಹದಿನೈದು ಸಾವಿರ ಬೇರೆಯಾಗಿ ಬಿಲ್ ಹಾಕಿದೆ, ಕೊಟ್ಟರು.

ಉಳಿದ ಅರ್ಧ ದೀಪಾವಳಿ ಹೊತ್ತಿಗೆ ಬಂತು, ಎರಡು ಚೆಕ್ಕಿನಲ್ಲಿ. ಗೋಡೌನ್‌ನ ಬೋರ್ಡು ಮುಕ್ಕಾಲು ಪಾಲು ಖಾಲಿಯಾಗಿದೆ. ಈಗ ಮೇಜಿನ ಮೇಲೆ ಆರ್‌ಕೆ3588 ಚಿಪ್ಪಿನ ಬೋರ್ಡು ಇದೆ, ಅದರ ಜಿಪಿಯು ಮಾಲಿ-ಜಿ610. ಅದರ ಪ್ಯಾಂಥಾರ್ ಡ್ರೈವರ್ 6.10ರ ಕರ್ನಲ್‌ನಲ್ಲಿ ಸೇರಿದೆ. ಅಲ್ಲಿ ಕ್ಯೂ ನೋಡಿಕೊಳ್ಳೋದು ಫರ್ಮ್‌ವೇರ್, ಮ್ಯಾಪಿಂಗ್ ವಿಎಂ-ಬೈಂಡ್‌ನಿಂದ, ಅಂದರೆ ವಿಳಾಸ ಯೂಸರ್ ಕಡೆಯೇ ಗೊತ್ತುಮಾಡುತ್ತದೆ. ರಿಲಾಕ್ ಗೋಳಿಲ್ಲ. ಬಫರ್ ಲೆಕ್ಕದ ಆ ಸ್ಕ್ರಿಪ್ಟನ್ನು ಅಲ್ಲಿಗೂ ಹೊಂದಿಸುತ್ತಿದ್ದೇನೆ.

ಜಿಸಿ2000 ಇಟ್ಟುಕೊಂಡು ಒದ್ದಾಡುತ್ತಿರುವವರು ಚಿಂಚವಡದ ಕಡೆ ಬಂದರೆ ಸಿಗಿ. ಬರುವಾಗ ಡಂಪ್ ಫೈಲೂ ಒಂದು ಫ್ರೇಮಿನ ಟ್ರೇಸೂ ತನ್ನಿ. ಅವಿಲ್ಲದೆ ಬಂದರೆ ಚಹಾ ಕುಡಿದು ಹೋಗಬಹುದು, ಅಷ್ಟೇ.