ಸೋಲಾರ್ ಬಿಸಿನೀರಿಗೆ ಸರ್ಕ್ಯುಲೇಷನ್ ಪಂಪ್: ಟೆರೇಸಿನಲ್ಲಿ ಬೇಡ, ಕೆಳಗೆ ಕೂರಿಸಿ

ತುಮಕೂರಿನ ಬಟವಾಡಿ, ಎಸ್‌.ಎಸ್‌. ಪುರಂ ಕಡೆ ಈಗ ಮೂರು ಮಹಡಿಯ ಮನೆಗಳೇ ಜಾಸ್ತಿ. ಸೋಲಾರ್ ಟೆರೇಸಿನಲ್ಲಿ, ಅಪ್ಪ-ಅಮ್ಮನ ಬಚ್ಚಲು ನೆಲಮಹಡಿಯಲ್ಲಿ. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ರಾತ್ರಿಯಿಡೀ ಪೈಪಿನಲ್ಲಿ ನಿಂತು ತಣ್ಣಗಾದ ನೀರೇ ಮೊದಲು ಬರುತ್ತದೆ. ಒಂದಿಂಚಿನ ಪೈಪು 20 ಮೀಟರ್ ಇದ್ದರೆ ಅದರೊಳಗೇ ಎಂಟೊಂಬತ್ತು ಲೀಟರ್ ನೀರಿರುತ್ತದೆ. ಬೋರಿನಿಂದ ಎತ್ತಿದ ನೀರು ಸುಮ್ನೆ ಮೋರಿಗೆ.

ಇದನ್ನು ತಪ್ಪಿಸಲು ಕೊನೆಯ ಬಚ್ಚಲಿನಿಂದ ಸೋಲಾರ್ ಟ್ಯಾಂಕಿಗೆ ಒಂದು ರಿಟರ್ನ್ ಲೈನ್ ಎಳೆದು, ಅದಕ್ಕೆ ಒಂದು ಪುಟ್ಟ ಪಂಪು ಹಾಕುತ್ತಾರೆ. ಇದೇ ಸರ್ಕ್ಯುಲೇಷನ್ ಪಂಪ್. ತಣ್ಣಗಾದ ನೀರು ಮೇಲೆ ಹೋಗುತ್ತದೆ, ಬಿಸಿನೀರು ಕೆಳಗೆ ಬಂದು ನಲ್ಲಿಯ ಹತ್ತಿರ ಕಾಯುತ್ತದೆ. ಇದು ಪ್ರೆಷರ್ ಪಂಪ್ ಅಲ್ಲ, ನೆನಪಿರಲಿ. ಶವರಿನ ರಭಸ ಇದರಿಂದ ಹೆಚ್ಚುವುದಿಲ್ಲ.

ಪೈಪಿನ ಕೆಲಸ ಸುಲಭ. ಮುಕ್ಕಾಲು ಇಂಚಿನ ಸಿಪಿವಿಸಿ (ಬಿಸಿ ತಡೆಯುವ ಪ್ಲಾಸ್ಟಿಕ್ ಪೈಪು) ಎಳೆಸಿ, ಮೇಲೆ ಫೋಮ್ ಕೊಳವೆ ಹೊದಿಸಿ. ತಣ್ಣೀರಿನ ಮಾಮೂಲಿ ಪಿವಿಸಿ ಹಾಕಲು ಬಿಡಬೇಡಿ, ಬಿಸಿಗೆ ಮೆತ್ತಗಾಗಿ ಜೋತುಬೀಳುತ್ತದೆ.

ಎಲ್ಲರೂ ಎಡವುವುದು ಪಂಪಿನ ಜಾಗದಲ್ಲಿ. ಪ್ಲಂಬರಿಗೆ ಟೆರೇಸಿನಲ್ಲೇ ಕೆಲಸ ಇರುತ್ತದೆ, ಹಾಗಾಗಿ ಟ್ಯಾಂಕಿನಿಂದ ಬಿಸಿನೀರು ಇಳಿಯುವ ಕಡೆಗೇ ಸಿಕ್ಕಿಸಿ ಹೊರಡುತ್ತಾನೆ. ಅಲ್ಲಿ ಪಂಪಿನ ತಲೆಯ ಮೇಲೆ ಇರುವುದು ಎರಡು ಮೂರು ಅಡಿ ನೀರಿನ ಒತ್ತಡ ಅಷ್ಟೇ. ನೀರು ಕಾದಷ್ಟೂ ಅದರಲ್ಲಿನ ಗಾಳಿ ಗುಳ್ಳೆಯಾಗಿ ಬಿಡುತ್ತದೆ, ಪಕ್ಕದಲ್ಲೇ ಟ್ಯಾಂಕಿನ ಗಾಳಿ ಆಡುವ ಏರ್ ಪೈಪು ಬೇರೆ. ಪಂಪು ಗಾಳಿ ಎಳೆದು ಗೊರಗೊರ ಎನ್ನುತ್ತದೆ. ಈ ಜಾತಿಯ ಪಂಪಿಗೆ ಎಣ್ಣೆ ಇಲ್ಲ, ಅದರ ಬೇರಿಂಗಿಗೆ ನೀರೇ ಎಣ್ಣೆ. ಗಾಳಿ ಹಿಡಿದರೆ ಬೇರಿಂಗ್ ಸವೆದು ಬೇಗ ಕೆಡುತ್ತದೆ. ಇನ್ನೊಂದು ತೊಂದರೆಯೂ ಇದೆ. ಪಂಪು ಆಫ್ ಇದ್ದಾಗಲೂ ಇಡೀ ಮನೆಯ ಬಿಸಿನೀರು ಅದರ ಇಕ್ಕಟ್ಟಾದ ಹೊಟ್ಟೆಯೊಳಗೇ ಹಾದು ಬರಬೇಕು. ಮೊದಲೇ ಮೇಲಿನ ಮಹಡಿಯಲ್ಲಿ ಒತ್ತಡ ಕಡಿಮೆ, ಅಲ್ವಾ?

ಆದ್ದರಿಂದ ಪಂಪು ರಿಟರ್ನ್ ಲೈನಿನಲ್ಲೇ ಇರಬೇಕು, ಅದರಲ್ಲೂ ತಳದಲ್ಲಿ. ಕೊನೆಯ ಬಚ್ಚಲಿನ ಕವಲು ದಾಟಿ, ಪೈಪು ಮೇಲಕ್ಕೆ ತಿರುಗುವ ಜಾಗ. ಟ್ಯಾಂಕು 25 ಅಡಿ ಮೇಲಿದ್ದರೆ ಅಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಬಾರ್ ಒತ್ತಡ ಸಿಗುತ್ತದೆ, ಗಾಳಿ ಬಿಡುವುದಿಲ್ಲ. ಮೈಮೇಲಿನ ಬಾಣದ ಗುರುತು ಮೇಲಕ್ಕಿರಲಿ. ಒಳಗಿನ ಶಾಫ್ಟ್ ಮಾತ್ರ ನೆಲಕ್ಕೆ ಸಮಾನಾಂತರವಾಗಿ ಅಡ್ಡವಾಗಿರಬೇಕು, ಅಂದರೆ ಮೋಟಾರಿನ ಡಬ್ಬ ಪಕ್ಕಕ್ಕೆ ಚಾಚಿರಬೇಕು. ಆಕಾಶ ನೋಡುವಂತೆ ನಿಲ್ಲಿಸಿದರೆ ಗಾಳಿ ಮೇಲುಗಡೆಯ ಬೇರಿಂಗಿನಲ್ಲಿ ಕೂತುಬಿಡುತ್ತದೆ. ಎರಡೂ ಕಡೆ ಬಾಲ್ ವಾಲ್ವ್ ಮತ್ತು ಯೂನಿಯನ್ (ತಿರುಗಿಸಿ ಬಿಚ್ಚಬಹುದಾದ ಜೋಡಣೆ) ಹಾಕಿಸಿ. ಸ್ವಲ್ಪ ದುಡ್ಡು ಉಳಿಸಲು ಇದನ್ನು ಬಿಟ್ಟವರು ಮುಂದೆ ಪಂಪು ಬಿಚ್ಚಲು ಪೈಪು ಕೊಯ್ಯಬೇಕಾಗುತ್ತದೆ.

ಪಂಪು ದಾಟಿದ ತಕ್ಷಣ ನೀರು ಹಿಂದಕ್ಕೆ ಬರದಂತೆ ತಡೆಯುವ ವಾಲ್ವ್ ಬೇಕು, ಅಂದರೆ ಒಂದು ಎನ್‌ಆರ್‌ವಿ. ಇದನ್ನು ಮರೆತರೆ ಸೋಲಾರ್ ಸರಿಯಿಲ್ಲ ಎಂದು ಕಂಪನಿಯವರ ಜೊತೆ ಜಗಳ ಶುರುವಾಗುತ್ತದೆ. ರಿಟರ್ನ್ ಲೈನಿನ ಮೇಲಿನ ತುದಿ ಸಾಮಾನ್ಯವಾಗಿ ಸೋಲಾರ್ ಟ್ಯಾಂಕಿಗೆ ತಣ್ಣೀರು ಬರುವ ಪೈಪಿಗೆ ಟೀ ಮೂಲಕ ಸೇರುತ್ತದೆ. ಎನ್‌ಆರ್‌ವಿ ಇಲ್ಲದಿದ್ದರೆ ನಲ್ಲಿ ತಿರುಗಿಸಿದಾಗ ಆ ತಣ್ಣೀರು ರಿಟರ್ನ್ ಲೈನಿನಲ್ಲೇ ಉಲ್ಟಾ ಇಳಿದು ಬಿಸಿನೀರಿಗೆ ಬೆರೆಯುತ್ತದೆ. ಟ್ಯಾಂಕಿನಲ್ಲಿ ಸುಡುವ ನೀರು, ಬಚ್ಚಲಲ್ಲಿ ಉಗುರುಬೆಚ್ಚಗೆ. ಅನುಮಾನ ಇದ್ದರೆ ರಿಟರ್ನ್ ಲೈನಿನ ಬಾಲ್ ವಾಲ್ವ್ ಮುಚ್ಚಿ ನೋಡಿ. ನೀರು ಇನ್ನಷ್ಟು ಬಿಸಿಯಾದರೆ ಎನ್‌ಆರ್‌ವಿ ಸೋರುತ್ತಿದೆ ಎಂದೇ ಅರ್ಥ. ಸ್ಪ್ರಿಂಗ್ ಇರುವ ಹಿತ್ತಾಳೆಯದ್ದನ್ನೇ ಕೊಳ್ಳಿ.

ಕೆಲವರು ರಿಟರ್ನ್ ಲೈನನ್ನು ನೇರ ತಣ್ಣೀರಿನ ಟ್ಯಾಂಕಿಗೆ ಬಿಡುತ್ತಾರೆ. ದಯವಿಟ್ಟು ಬೇಡ. ಪಂಪು ಓಡಿದಷ್ಟು ಹೊತ್ತೂ ನಿಮ್ಮ ಬಿಸಿನೀರು ಅಲ್ಲಿಗೆ ಹೋಗಿ, ಅಲ್ಲಿಯ ತಣ್ಣೀರು ಸೋಲಾರಿಗೆ ತುಂಬಿಕೊಳ್ಳುತ್ತದೆ.

ಪಂಪು ಕೊಳ್ಳುವಾಗ ಸ್ಟೀಲ್ ಅಥವಾ ಕಂಚಿನ ಮೈಯದ್ದು ಕೇಳಿ. ಬೀಡು ಕಬ್ಬಿಣದ್ದು ಅಗ್ಗ. ಆದರೆ ದಿನಾ ಹೊಸ ನೀರು, ಹೊಸ ಆಮ್ಲಜನಕ ಬರುವ ಲೈನಿನಲ್ಲಿ ಅದು ತುಕ್ಕು ಹಿಡಿದು ಬಕೆಟಿಗೆ ಕೆಂಪುನೀರು ಬಿಡುತ್ತದೆ. ಆನ್‌ಲೈನಿನಲ್ಲಿ ಸಿಗುವ ಪ್ಲಾಸ್ಟಿಕ್ ಮೈಯ ಆಟಿಕೆ ಪಂಪುಗಳ ಬಗ್ಗೆ ಮಾತೇ ಬೇಡ. ಕರೆಂಟಿಗೆ ಅರ್ತಿಂಗ್ ಮತ್ತು ಕರೆಂಟು ಸೋರಿದರೆ ತಕ್ಷಣ ಆಫ್ ಮಾಡುವ ಆರ್‌ಸಿಸಿಬಿ ಕಡ್ಡಾಯ.

ಚಾಲೂ ಮಾಡುವ ಮೊದಲು ಎರಡೂ ವಾಲ್ವ್ ತೆರೆದು, ಪಂಪಿನ ಹಿಂದೆ ಸ್ಕ್ರೂ ಇದ್ದರೆ ಸಡಿಲಿಸಿ, ನೀರು ಒಸರುವ ತನಕ ಗಾಳಿ ಬಿಡಿ. ಮೂರು ಸ್ಪೀಡ್ ಇದ್ದರೆ ಕಡಿಮೆಯದ್ದರಿಂದ ಶುರು ಮಾಡಿ, ಹೆಚ್ಚಿನ ಮನೆಗೆ ಅಷ್ಟೇ ಸಾಕು. ಇಡೀ ದಿನ ಓಡಿಸಿದರೆ ಪೈಪಿನುದ್ದಕ್ಕೂ ಶಾಖ ಸೋರಿ ಟ್ಯಾಂಕೇ ತಣ್ಣಗಾಗುತ್ತದೆ. ಟೈಮರ್ ಹಾಕುತ್ತಾರೆ, ಆದರೆ ನನ್ನ ಪ್ರಕಾರ ಬಚ್ಚಲಿನ ಹೊರಗೆ ಒಂದು ಸ್ವಿಚ್ಚೇ ಮೇಲು. ಸ್ನಾನಕ್ಕೆ ಮೊದಲು ಒತ್ತಿ, ಪಂಪಿನ ಹತ್ತಿರ ಪೈಪು ಬಿಸಿಯಾದ ಮೇಲೆ ಆರಿಸಿ. ನಮ್ಮ ಬೋರ್ ನೀರಿಗೆ ಬಿಳಿ ಸುಣ್ಣ ಕಟ್ಟುವುದು ಗ್ಯಾರಂಟಿ. ವರ್ಷಕ್ಕೊಮ್ಮೆ ಸ್ವಿಚ್ ಆರಿಸಿ, ಎರಡೂ ವಾಲ್ವ್ ಮುಚ್ಚಿ, ಯೂನಿಯನ್ ಬಿಚ್ಚಿ, ಎನ್‌ಆರ್‌ವಿಯನ್ನು ಸಿಟ್ರಿಕ್ ಆಸಿಡ್ ಕದಡಿದ ನೀರಿನಲ್ಲಿ ನೆನೆಸಿ, ತೊಳೆದು ವಾಪಸ್ ಹಾಕಿ.