ಆನೆ ದಾರಿ ಎಂದು ಬರೆದವನು ನಾನೇ

ಕೊಡಗಿನ ಕಕ್ಕಡ ತಿಂಗಳ, ಅಂದರೆ ಜುಲೈ–ಆಗಸ್ಟಿನ, ಮಳೆ ಹಿಡಿದು ಕುಳಿತಿದ್ದ ಒಂದು ಸಂಜೆ ಮೇಷ್ಟ್ರು ಫೋನ್ ಮಾಡಿದರು. “ಹವಾಲ್ದಾರರೇ, ನಾಯಿ ಕೊಡುವ ಸಂಸ್ಥೆಯಿಂದ ಕಾಗದ ಬಂದಿದೆ. ಮಗಳು ಓದಿದಳು. ಒಂದೇ ಸಾಲು. ತಮ್ಮ ಅರ್ಜಿಯನ್ನು ಪರಿಗಣಿಸಲು ಸಾಧ್ಯವಾಗಿಲ್ಲವಂತೆ. ಏಕೆಂದು ನಿಮಗೇನಾದರೂ ಗೊತ್ತೇ?”

ಗೊತ್ತಿತ್ತು. ಹನ್ನೊಂದು ತಿಂಗಳ ಹಿಂದೆ ಅವರ ಮನೆ ನೋಡಿ ವರದಿ ಬರೆದವನು ನಾನೇ. ಹೆಂಚಿನ ಮೇಲೆ ಮಳೆಯ ಸದ್ದು, ಸರಿಯಾಗಿ ಕೇಳಿಸುತ್ತಿಲ್ಲ, ನಾಳೆ ಮಾತಾಡುತ್ತೇನೆ ಎಂದು ಫೋನ್ ಇಟ್ಟುಬಿಟ್ಟೆ. ಸೈನ್ಯದಲ್ಲಿ ಇದ್ದು ಬಂದವನಿಗೆ ಶೋಭಿಸುವ ಕೆಲಸವಲ್ಲ ಅದು.

ನಾನು ಸೈನ್ಯದ ರಿಮೌಂಟ್ ವೆಟರ್ನರಿ ಕೋರ್‌ನಲ್ಲಿ ನಾಯಿ ಹ್ಯಾಂಡ್ಲರ್ ಆಗಿದ್ದವನು. ಮೀರತ್‌ನಲ್ಲಿ ತರಬೇತಿ, ಆಮೇಲೆ ಗಡಿಯಲ್ಲಿ ಸೇವೆ. ನಿವೃತ್ತನಾಗಿ ಊರಿಗೆ ಬಂದ ಮೇಲೆ ಒಂದಿಷ್ಟು ಕಾಫಿ, ಮರಕ್ಕೆ ಹಬ್ಬಿಸಿದ ಕರಿಮೆಣಸು, ಇಷ್ಟೇ ಇದ್ದಾಗ ಬೆಂಗಳೂರಿನ ಒಂದು ಸಂಸ್ಥೆಯವರು ಹುಡುಕಿಕೊಂಡು ಬಂದರು. ದೃಷ್ಟಿಯಿಲ್ಲದವರಿಗೆ ಮಾರ್ಗದರ್ಶಿ ನಾಯಿ ಕೊಡುವ ಸಂಸ್ಥೆ. ಕೊಡಗಿನಿಂದ ಅರ್ಜಿ ಬಂದಾಗ ಮನೆ ನೋಡಿ ವರದಿ ಕೊಡಬೇಕು, ನಾಯಿ ಕೊಟ್ಟ ಮೇಲೆ ಆರು ತಿಂಗಳಿಗೊಮ್ಮೆ ಹೋಗಿ ವಿಚಾರಿಸಬೇಕು. ಪೆಟ್ರೋಲಿನ ಖರ್ಚು ಕೊಡುತ್ತಾರೆ. ಒಪ್ಪಿಕೊಂಡೆ. ಸೈನ್ಯದಲ್ಲಿ ನನಗೆ ನಾಯಿ ಏಕೆ ಕೊಡಲಿಲ್ಲ ಎಂದು ಯಾರೂ ಕೇಳುವುದಿಲ್ಲ. ಇಲ್ಲಿ ಕೇಳುತ್ತಾರೆ ಎಂಬುದು ಆಗ ನನ್ನ ತಲೆಗೆ ಹೋಗಿರಲಿಲ್ಲ.

ಮೇಷ್ಟ್ರ ಮನೆ ಸಿದ್ದಾಪುರದ ಕಡೆ, ತೋಟದ ನಡುವೆ. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಾಯಿಲೆಯಿಂದ ದೃಷ್ಟಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತ ಬಂದು, ಈಗ ಬೆಳಕು ಇದೆಯೋ ಇಲ್ಲವೋ ಎಂದಷ್ಟೇ ತಿಳಿಯುತ್ತದೆ. ಪ್ರೌಢಶಾಲೆಯಲ್ಲಿ ಸಮಾಜ ಪಾಠ ಮಾಡುತ್ತಾರೆ. ಮೊದಲ ಸಲ ನಾನು ಹೋದದ್ದು ಮದ್ದುಸೊಪ್ಪಿನ ಅಡುಗೆ ಮಾಡುವ ಕಕ್ಕಡ ಹದಿನೆಂಟರ ಮರುದಿನ. ಅವರ ತಾಯಿ ಉಳಿದಿದ್ದ ಮದ್ದುಸೊಪ್ಪಿನ ಪಾಯಸ ಬಡಿಸಿ, “ನಾಯಿ ಬಂದರೆ ಅದಕ್ಕೂ ಒಂದು ತುತ್ತು ಹಾಕಬಹುದೇ ಮಗ?” ಎಂದು ಕೇಳಿದರು. ಊಟ ಮಾಡಿ, ಅಂಗಳ ನೋಡಿ, ಮನೆಯ ದಾರಿಯಲ್ಲಿ ಆನೆಯ ಲದ್ದಿ ಕಂಡು, ಜೀಪಿನಲ್ಲೇ ಕುಳಿತು ನಮೂನೆ ತುಂಬಿದೆ: “ಆನೆ ಓಡಾಡುವ ದಾರಿ. ಪಾದಚಾರಿ ಮಾರ್ಗವಿಲ್ಲ. ಸೂಕ್ತವಲ್ಲ.”

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹಲಸು ಹಣ್ಣಾಗುವ ಕಾಲದಲ್ಲಿ ಸಿದ್ದಾಪುರ, ಮಾಲ್ದಾರೆ ಕಡೆಯ ತೋಟಗಳಲ್ಲಿ ಆನೆ ಇರುವುದು ಮನೆಯಲ್ಲಿ ಬೆಕ್ಕು ಇರುವಷ್ಟೇ ಸಹಜ. ನಾಯಿ ಬೊಗಳಿ ಆನೆಯನ್ನು ಕೆಣಕಿ, ಕೊನೆಗೆ ಯಜಮಾನನ ಕಾಲ ಬಳಿಗೇ ಓಡಿ ಬರುತ್ತದೆ, ಹಿಂದೆಯೇ ಆನೆಯೂ ಬರುತ್ತದೆ ಎಂದು ತೋಟದ ಯಾವ ಕಾರ್ಮಿಕನನ್ನು ಕೇಳಿದರೂ ಹೇಳುತ್ತಾನೆ.

ಮರುದಿನ ಅವರ ಮನೆಗೇ ಹೋಗಿ, ಆ ಸಾಲು ನನ್ನದು ಎಂದು ಒಪ್ಪಿಕೊಂಡೆ. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಲೆಕ್ಕ ಶುರುವಾಯಿತು. ಅರ್ಜಿಯ ಜೊತೆ 7,500 ರೂಪಾಯಿ ಕಟ್ಟಿದ್ದಾರೆ. ನಾಯಿಗೆಂದು ಅಂಗಳಕ್ಕೆ ಬೇಲಿ ಹಾಕಿಸಿದ್ದಾರೆ. ಏಕೆಂದರೆ ಸಂಸ್ಥೆಯಿಂದ ಫೋನ್ ಮಾಡಿದ್ದ ಯಾರೋ, “ಬಹುಶಃ ಆಗುತ್ತದೆ, ಬೇಲಿ ಮಾಡಿಸಿಕೊಳ್ಳಿ ಸರ್” ಎಂದಿದ್ದರು. ಆ ‘ಬಹುಶಃ’ ಮೇಷ್ಟ್ರ ಕಿವಿಗೆ ಬಿದ್ದಿರಲಿಲ್ಲ, ಬಿದ್ದರೂ ನಿಂತಿರಲಿಲ್ಲ. ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ ಎಂದರು. ಬನ್ನಿ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಸಂಸ್ಥೆಯ ಪರವಾಗಿ ಓಡಾಡುವವನು ಅರ್ಜಿದಾರನನ್ನು ದೂರು ಕೊಡಲು ಕರೆದೊಯ್ದ ಎಂದು ಬೆಂಗಳೂರಿನಲ್ಲಿ ಆಮೇಲೆ ಗೊಣಗಿದರಂತೆ. ಗೊಣಗಲಿ.

ಮಡಿಕೇರಿಯಲ್ಲಿ ನಾವು ಮೊದಲು ಹೋದದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಅಂಗವೈಕಲ್ಯ ಇರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಮೇಷ್ಟ್ರಿಗೇ ಇದು ತಿಳಿದಿರಲಿಲ್ಲ, ಸಮಾಜ ಪಾಠ ಮಾಡುವವರಿಗೆ! ಅಲ್ಲಿನ ವಕೀಲರು, ನಡುವಯಸ್ಸಿನ ಹೆಣ್ಣುಮಗಳು, ಕಾಗದಗಳನ್ನೆಲ್ಲ ತಿರುವಿ ನೋಡಿ ನೇರವಾಗಿಯೇ ಹೇಳಿದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ಸೇವೆ’ ಎಂದರೆ ಹಣ ಪಡೆದು ಕೊಡುವ ಸೇವೆ. ಪುಕ್ಕಟೆ ಸೇವೆ ಅದರೊಳಗೆ ಬರುವುದಿಲ್ಲ. ನಾಯಿ ಉಚಿತ ಎಂದು ಸಂಸ್ಥೆ ಹೇಳುತ್ತದೆ, ಅರ್ಜಿ ಶುಲ್ಕ ತೆಗೆದುಕೊಂಡಿದ್ದೀರಲ್ಲ ಎಂದು ನಾವು ಹೇಳುತ್ತೇವೆ, ವಾದ ಅಲ್ಲಿಯೇ ಸುತ್ತುತ್ತದೆ. ದೂರು ಕೊಡಲು ಎರಡು ವರ್ಷದ ಅವಕಾಶವಿದೆ, ಇಷ್ಟು ಸಣ್ಣ ಮೊತ್ತಕ್ಕೆ ಆಯೋಗದಲ್ಲಿ ಶುಲ್ಕವೂ ಇಲ್ಲ, ಕೊಡಬಾರದು ಎಂದು ನಾನು ಹೇಳುವುದಿಲ್ಲ ಎಂದರು. ಆಮೇಲೆ ಕನ್ನಡಕ ತೆಗೆದು, “ಮೇಷ್ಟ್ರೇ, ನಾಯಿ ಕೊಡಿ ಎಂದು ಆಯೋಗ ಆದೇಶ ಮಾಡಿತು ಎಂದೇ ಇಟ್ಟುಕೊಳ್ಳಿ. ನಿಮ್ಮ ಜೊತೆ ಸರಿಯಾಗಿ ನಡೆ ಎಂದು ಆ ನಾಯಿಗೆ ಯಾರು ಆದೇಶ ಮಾಡುತ್ತಾರೆ?” ಎಂದರು. ಮೇಷ್ಟ್ರು ನಕ್ಕರು. ಆ ತಿಂಗಳಲ್ಲಿ ಅವರು ನಕ್ಕದ್ದು ಅದೇ ಮೊದಲಿರಬೇಕು.

ಮಾಹಿತಿ ಹಕ್ಕಿನಲ್ಲಿ ಕಡತ ಕೇಳೋಣವೇ ಎಂದೆ. ಸರ್ಕಾರದ ಹಣದಲ್ಲಿ ಗಣನೀಯವಾಗಿ ನಡೆಯದ ಖಾಸಗಿ ಟ್ರಸ್ಟಿಗೆ 2005ರ ಆ ಕಾಯ್ದೆ ತಟ್ಟುವುದಿಲ್ಲ ಎಂದರು ವಕೀಲರು. ಹಾಗಾದರೆ ಉಳಿದದ್ದು ಒಂದು ಕಾಗದ. ಸ್ಪೀಡ್ ಪೋಸ್ಟಿನಲ್ಲಿ, ಪ್ರತಿ ಇಟ್ಟುಕೊಂಡು. ಅದರಲ್ಲಿ ಬೈಗುಳವಿರಲಿಲ್ಲ, ಕಾನೂನಿನ ಬೆದರಿಕೆಯೂ ಇರಲಿಲ್ಲ. ನೀವು ಇಲ್ಲ ಎಂದದ್ದು ನನಗೋ, ನನ್ನ ಮನೆಗೋ, ನನ್ನ ದಾರಿಗೋ, ಅಥವಾ ನಿಮ್ಮಲ್ಲಿ ನಾಯಿಯೇ ಇಲ್ಲವೋ? ಈ ಒಂದು ಪ್ರಶ್ನೆ ಮಾತ್ರ. ಈ ಕೆಲಸದಲ್ಲಿ ನಾನು ಕಲಿತ ಎಲ್ಲದಕ್ಕಿಂತ ದೊಡ್ಡದು ಈ ಪ್ರಶ್ನೆ. ದಾರಿ ಸರಿಯಿಲ್ಲದಿದ್ದರೆ ದಾರಿ ಬದಲಿಸಬಹುದು. ನಡಿಗೆ ಸಾಲದಿದ್ದರೆ ಕಲಿಯಬಹುದು. ನಾಯಿಯೇ ಇಲ್ಲದಿದ್ದರೆ ಕಾಯಬಹುದು. ಒಂದು ಸಾಲಿನ ಕಾಗದ ಬಂದವನು ಮಾತ್ರ ತಾನೇ ಅನರ್ಹ ಎಂದುಕೊಳ್ಳುತ್ತಾನೆ.

ಉತ್ತರ ಬರುವುದರೊಳಗೆ ನಾನು ಇನ್ನೊಂದು ಕೆಲಸ ಮಾಡಿದೆ. ಮೊದಲೇ ಮಾಡಬೇಕಿತ್ತು. ಮೇಷ್ಟ್ರ ಒಂದು ದಿನವನ್ನು ಅವರ ಹಿಂದೆಯೇ ನಡೆದು ನೋಡಿದೆ. ಬೆಳಿಗ್ಗೆ ಮನೆಯಿಂದ ಮುಖ್ಯರಸ್ತೆಯವರೆಗೆ ಪಕ್ಕದ ತೋಟದ ಜೀಪು. ಆ ದಾರಿಯಲ್ಲಿ ಅವರು ನಡೆಯುವುದೇ ಇಲ್ಲ. ಕಣ್ಣಿರುವವರೂ ಅಲ್ಲಿ ಕತ್ತಲಾದ ಮೇಲೆ ನಡೆಯುವುದಿಲ್ಲ. ಅಲ್ಲಿಂದ ಬಸ್ಸು. ಅವರ ಕಷ್ಟವೆಲ್ಲ ಇರುವುದು ಬಸ್ ನಿಲ್ದಾಣದಿಂದ ಶಾಲೆಯವರೆಗೆ, ಏಳೆಂಟು ನಿಮಿಷದ ದಾರಿ. ಅಂಗಡಿಗಳ ಮುಂದೆ ನಿಲ್ಲಿಸಿದ ಬೈಕುಗಳು, ಮೀನಿನ ಬುಟ್ಟಿಗಳು, ಚಪ್ಪಡಿ ಕಳಚಿದ ಚರಂಡಿ, ತಲೆಗೆ ತಾಗುವಂತೆ ಇಳಿಬಿಟ್ಟ ಟಾರ್ಪಾಲಿನ ಹಗ್ಗ. ಬಿಳಿಕೋಲು ನೆಲದ ಅಡ್ಡಿಯನ್ನು ಹೇಳುತ್ತದೆ, ತಲೆಯ ಮಟ್ಟದ ಹಗ್ಗವನ್ನು ಹೇಳುವುದಿಲ್ಲ. ಕಲಿತ ನಾಯಿ ಹೇಳುತ್ತದೆ. ನಾನು ಬರೆದದ್ದು ಅವರು ನಡೆಯದ ದಾರಿಯ ವಿಷಯ. ನಡೆಯುವ ದಾರಿಯನ್ನು ನಾನು ನೋಡಿಯೇ ಇರಲಿಲ್ಲ.

ಅದೇ ದಿನ ಇನ್ನೊಂದು ಸಂಗತಿಯೂ ಕಂಡಿತು. ಇದು ಮೇಷ್ಟ್ರಿಗೆ ಹಿಡಿಸಲಿಲ್ಲ. ಅವರು ಕೋಲನ್ನು ಹಿಡಿಯುತ್ತಿದ್ದರೇ ಹೊರತು ಬಳಸುತ್ತಿರಲಿಲ್ಲ. ಒಬ್ಬ ವಿದ್ಯಾರ್ಥಿಯ ಭುಜ ಹಿಡಿದು ನಡೆಯುವುದೇ ರೂಢಿ. ಎಡಕ್ಕೆ ಎಲ್ಲಿ ತಿರುಗಬೇಕು, ಎಷ್ಟು ಹೆಜ್ಜೆಗೆ ಶಾಲೆಯ ಗೇಟು ಎಂದು ಕೇಳಿದರೆ ತಡವರಿಸಿದರು. ನಾಯಿಗೆ ದಾರಿ ಗೊತ್ತಿರುತ್ತದೆ ಎಂಬುದು ಬಹಳ ಜನರ ನಂಬಿಕೆ. ಎತ್ತ ಹೋಗಬೇಕೆಂದು ಹೇಳಬೇಕಾದವರು ಹಾರ್ನೆಸ್, ಅಂದರೆ ನಾಯಿಯ ಮೈಗೆ ತೊಡಿಸಿದ ಪಟ್ಟಿಯ ಹಿಡಿಕೆ, ಹಿಡಿದವರು. ಅಡ್ಡಿ ತಪ್ಪಿಸುವುದು, ಮೆಟ್ಟಿಲ ಅಂಚಿನಲ್ಲಿ ನಿಲ್ಲುವುದು, ಮುಂದೆ ಹೋಗು ಎಂದರೂ ವಾಹನ ಬರುತ್ತಿದ್ದರೆ ಕದಲದೆ ಇರುವುದು ನಾಯಿಯ ಪಾಲು. ಹೇಳಿದ್ದನ್ನು ಮೀರುವ ಆ ಬುದ್ಧಿಯನ್ನು ಕಲಿಸುವುದೇ ಎಲ್ಲಕ್ಕಿಂತ ಕಷ್ಟ. ನಾವು ಸೈನ್ಯದಲ್ಲಿ ಕಲಿಸುತ್ತಿದ್ದುದು ಹೆಚ್ಚುಕಡಿಮೆ ಇದರ ತಿರುಗುಮುರುಗು.

ಸಂಸ್ಥೆಯವರ ಮಾತನ್ನೂ ಹೇಳಬೇಕು. ಅವರು ಕೆಟ್ಟವರಲ್ಲ. ಎಂಟು ವಾರದ ಮರಿಯನ್ನು ಸಾಕುಮನೆಗೆ ಕೊಟ್ಟು, ವರ್ಷ ಕಳೆದ ಮೇಲೆ ವಾಪಸ್ ತಂದು ತಿಂಗಳುಗಟ್ಟಲೆ ಕಲಿಸಬೇಕು. ಪಟಾಕಿಗೆ ಬೆದರಿತು, ಕೋಳಿಯ ಹಿಂದೆ ಓಡಿತು, ಸೊಂಟದ ಕೀಲು ಸರಿಯಿಲ್ಲ ಎಂದು ನಡುವೆ ಎಷ್ಟೋ ನಾಯಿಗಳನ್ನು ಬಿಟ್ಟುಬಿಡಬೇಕು. (ಮುಧೋಳ ನಾಯಿ ಏಕೆ ಆಗುವುದಿಲ್ಲ ಎಂದು ಎಲ್ಲರೂ ಕೇಳುತ್ತಾರೆ. ಕಣ್ಣಿಗೆ ಬಿದ್ದ ಬೇಟೆಯ ಹಿಂದೆ ಹಾರುವುದಕ್ಕೆಂದೇ ಬೆಳೆಸಿದ ತಳಿ ಅದು. 2016ರಲ್ಲಿ ಸೈನ್ಯ ಅದನ್ನು ತೆಗೆದುಕೊಂಡದ್ದು ಬೇರೆ ಕೆಲಸಕ್ಕೆ. ಮೊಲ ಕಂಡಾಗ ಹಾರ್ನೆಸ್ ಹಿಡಿದವರ ಗತಿ ಯೋಚಿಸಿ.) ವರ್ಷಕ್ಕೆ ಕೈಬೆರಳೆಣಿಕೆಯ ನಾಯಿಗಳು ತಯಾರಾಗುವ ಕಡೆ ಅರ್ಜಿಗಳ ಸಾಲು ಮಾತ್ರ ಉದ್ದ.

ಅದರ ಮೇಲೆ ಅವರಿಗೆ ಕೊಡಗಿನದೇ ಒಂದು ಹಳೆಯ ಗಾಯವಿತ್ತು. ನನಗಿಂತ ಮೊದಲು ಇಲ್ಲಿ ಒಂದು ಮನೆಗೆ ನಾಯಿ ಕೊಟ್ಟಿದ್ದರು. ಪ್ರೀತಿ ಹೆಚ್ಚಾಗಿ ಪಂದಿಕರಿಯ ಮೂಳೆ ಹಾಕಿ ಹಾಕಿ ಲ್ಯಾಬ್ರಡಾರ್ ಪೀಪಾಯಿಯಂತಾಯಿತು. ರಾತ್ರಿ ಕಾಫಿ ಕಣ ಕಾಯಲು ಕಟ್ಟಿಹಾಕುತ್ತಿದ್ದರಂತೆ. ಸಂಸ್ಥೆ ವಾಪಸ್ ಕೇಳಿತು. ದಾನ ಕೊಟ್ಟದ್ದನ್ನು ಕೇಳುವವರು ಯಾರು ಎಂದು ಮನೆಯವರು ಕೋವಿ ಹಿಡಿಯದಿದ್ದರೂ ಗೇಟು ಹಾಕಿದರು. ಕರಾರು ಪತ್ರದಲ್ಲಿ ‘ನೀಡಲಾಗಿದೆ’ ಎಂದಷ್ಟೇ ಇತ್ತು. ಒಡೆತನವನ್ನೋ, ಬರೀ ವಶವನ್ನೋ? ಹೊರದೇಶಗಳಲ್ಲೂ ಇದಕ್ಕೆ ಒಂದೇ ಉತ್ತರವಿಲ್ಲ. 1929ರಲ್ಲಿ ಶುರುವಾದ ಅಮೆರಿಕದ ಸೀಯಿಂಗ್ ಐ ಸಂಸ್ಥೆ ತರಬೇತಿ ಮುಗಿಸಿದವರಿಗೆ ನಾಯಿಯ ಒಡೆತನವನ್ನೇ ಕೊಡುತ್ತದೆ. ಬ್ರಿಟನ್ನಿನ ಗೈಡ್ ಡಾಗ್ಸ್ ಸಂಸ್ಥೆಯಲ್ಲಿ ಒಡೆತನ ಸಂಸ್ಥೆಯ ಬಳಿಯೇ ಉಳಿಯುತ್ತದೆ. ಎರಡರಲ್ಲಿ ಯಾವುದಾದರೂ ಸರಿ, ನಾಯಿ ಮನೆಯ ಗೇಟು ದಾಟುವ ಮೊದಲು ಬರೆದಿರಬೇಕು. ಆ ಜಗಳ ಎಂಟು ತಿಂಗಳು ಎಳೆದು, ನಾಯಿ ವಾಪಸ್ ಹೋಗುವಾಗ ಅದಕ್ಕೆ ಕೆಲಸವೇ ಮರೆತಿತ್ತು. ಅಂದಿನಿಂದ ಸಂಸ್ಥೆಯವರಿಗೆ ಕೊಡಗು ಎಂದರೆ ಅಳುಕು. ನನ್ನ ‘ಆನೆ’ ಅವರಿಗೆ ಬೇಕಾಗಿದ್ದ ನೆಪವೂ ಆಗಿತ್ತೇನೋ.

ಕಾಗದಕ್ಕೆ ಉತ್ತರ ಬಂದಿತು: ಕಾರಣ ದಾರಿ. ವ್ಯಕ್ತಿಯಲ್ಲ. ಅಷ್ಟನ್ನು ಕೇಳಿಯೇ ಮೇಷ್ಟ್ರ ಅರ್ಧ ಸಿಟ್ಟು ಇಳಿಯಿತು.

ವಕೀಲರು ಎರಡೂ ಕಡೆಯವರನ್ನು ಕರೆಸಿದರು. ಮೊಕದ್ದಮೆ ಹೂಡುವ ಮೊದಲೇ ಲೋಕ ಅದಾಲತ್ತಿನಲ್ಲಿ ರಾಜಿ ಮಾಡಿಕೊಳ್ಳುವ ದಾರಿಯಿದೆ. ಅಲ್ಲಿ ಆದ ರಾಜಿ ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ, ಅದರ ಮೇಲೆ ಅಪೀಲಿಲ್ಲ. ಬೆಂಗಳೂರಿನಿಂದ ಬಂದಿದ್ದ ತರಬೇತುದಾರ ಹುಡುಗ ಬಸ್ಸಿನಲ್ಲಿ ತಲೆತಿರುಗಿ ಅರ್ಧಗಂಟೆ ಹೊರಗೆ ಬೆಂಚಿನ ಮೇಲೆ ಕುಳಿತಿದ್ದ. ಮೇಷ್ಟ್ರೇ ಹೋಗಿ ತಮ್ಮ ಚೀಲದಲ್ಲಿದ್ದ ಕಿತ್ತಳೆ ಸುಲಿದು ಕೊಟ್ಟರು. ಆಮೇಲಿನ ಮಾತುಕತೆ ಸಲೀಸಾಗಿದ್ದಕ್ಕೆ ವಕೀಲರಿಗಿಂತ ಆ ಕಿತ್ತಳೆಗೇ ನಾನು ಹೆಚ್ಚು ಅಂಕ ಕೊಡುತ್ತೇನೆ.

ಶುಲ್ಕ ವಾಪಸ್ ಎಂದು ಬರೆದುಕೊಂಡೆವು. ಬೇಲಿಯ ಹಣ ಮೇಷ್ಟ್ರೇ ಬಿಟ್ಟುಕೊಟ್ಟರು, ಆ ಮಾತು ಬಾಯಿಮಾತೇ ಆಗಿತ್ತಲ್ಲ. ಅವರು ಮೂರು ತಿಂಗಳು ಬಿಳಿಕೋಲಿನ ನಡಿಗೆ ಕಲಿಯಬೇಕು, ಆಮೇಲೆ ಸಂಸ್ಥೆ ಪೇಟೆಯ ದಾರಿಯಲ್ಲಿ ಮರುಪರೀಕ್ಷೆ ಮಾಡಬೇಕು, ಫಲಿತಾಂಶವನ್ನು ಕಾರಣ ಸಮೇತ ಕನ್ನಡದಲ್ಲಿ ಕೊಡಬೇಕು, ಧ್ವನಿಮುದ್ರಿಸಿಯೂ ಕಳುಹಿಸಬೇಕು. ನಾಯಿ ಬಂದರೆ ಮೊದಲ ವರ್ಷ ಒಡೆತನ ಸಂಸ್ಥೆಯದು, ಅನಂತರ ಮೇಷ್ಟ್ರದು. ಆ ವರ್ಷದಲ್ಲಿ ವಾಪಸ್ ಕೇಳುವುದಾದರೆ ಲಿಖಿತ ಕಾರಣ ಬೇಕು, ಆರೋಗ್ಯದ ಕಾರಣವಾದರೆ ಇಬ್ಬರೂ ಒಪ್ಪುವ ಪಶುವೈದ್ಯರ ಅಭಿಪ್ರಾಯ ಬೇಕು. ತೋಟದ ದಾರಿಯಲ್ಲಿ ನಾಯಿಯನ್ನು ನಡೆಸುವಂತಿಲ್ಲ, ಜೀಪಿನಲ್ಲೇ ಒಯ್ಯಬೇಕು. ತಾಯಿಯವರ ತುತ್ತಿನ ಬಗ್ಗೆಯೂ ಒಂದು ಸಾಲು ಸೇರಿಸಬೇಕು ಎಂದು ತರಬೇತುದಾರ ಹಟ ಹಿಡಿದ. ಸೇರಿಸಿದೆವು. ಅಮ್ಮ ಇವತ್ತಿಗೂ ಆ ಸಾಲನ್ನು ಕ್ಷಮಿಸಿಲ್ಲ.

ಮರುಪರೀಕ್ಷೆಯಲ್ಲಿ ಮೇಷ್ಟ್ರು ತೇರ್ಗಡೆಯಾದರು. ನಾಯಿ ಇನ್ನೂ ಬಂದಿಲ್ಲ. ಅವರ ನಡಿಗೆಯ ವೇಗಕ್ಕೆ ಹೊಂದುವುದು ತಯಾರಾಗಿಲ್ಲವೆಂದು ಎರಡು ಸಲ ಕಾಗದ ಬಂದಿದೆ, ಎರಡೂ ಸಲ ಕಾರಣ ಬರೆದಿದ್ದಾರೆ. ಈಗ ನಿಲ್ದಾಣದಿಂದ ಶಾಲೆಗೆ ಕೋಲಿನಲ್ಲಿ ಒಬ್ಬರೇ ಹೋಗುತ್ತಾರೆ. ಟಾರ್ಪಾಲಿನ ಹಗ್ಗ ಮಾತ್ರ ಆಗಾಗ ಹಣೆಗೆ ಹೊಡೆಯುತ್ತದೆ.

ಕಳೆದ ತಿಂಗಳು ಸೋಮವಾರಪೇಟೆಯ ಕಡೆಯ ಒಬ್ಬ ಹೆಣ್ಣುಮಗಳ ಮನೆ ನೋಡಿಬಂದೆ. ನಾಲ್ಕು ಪುಟ ಬರೆದು, ಕಳುಹಿಸುವ ಮೊದಲು ಅವರಿಗೇ ಫೋನಿನಲ್ಲಿ ಓದಿ ಹೇಳಿದೆ. ಪೂರ್ತಿ ಕೇಳಿ, “ಅಣ್ಣ, ಸಂತೆಗೆ ನಾನು ಮಂಗಳವಾರ ಹೋಗುವುದಿಲ್ಲ, ಅದು ನನ್ನ ಅಕ್ಕ. ಮತ್ತೆ, ಮನೆಯ ಹಿಂದೆ ಕಟ್ಟಿರುವ ನಾಯಿ ನಮ್ಮದಲ್ಲ, ಪಕ್ಕದವರದು” ಎಂದರು. ಎರಡನ್ನೂ ತಿದ್ದಿ ಅಂಚೆಗೆ ಹಾಕಿದೆ.